ಲೋಟದಲ್ಲಿದ್ದ ಹಾಲು

ನಮ್ಮ ಹೆರಿಗೆ ವಾರ್ಡಿಗೆ ಕಾವಲುಗಾರ ಬೇಕಾಗಿರಲಿಲ್ಲ, ದೊಡ್ಡ ಸಿಸ್ಟರ್ ಇದ್ದರು. ಬಾಣಂತಿಯನ್ನು ನೋಡಲು ಬಂದವರು ಯಾರೇ ಆಗಲಿ, ಕೈಚೀಲವನ್ನು ಬಾಗಿಲ ಪಕ್ಕದ ಅವರ ಮೇಜಿನ ಮೇಲಿಟ್ಟು, ತೆರೆದು ತೋರಿಸಿಯೇ ಒಳಗೆ ಕಾಲಿಡಬೇಕು. ಹಣ್ಣಿದ್ದರೆ ಸರಿ, ಬಟ್ಟೆಬರೆ ಇದ್ದರೆ ಸರಿ. ಅಡಿಯಲ್ಲೆಲ್ಲೋ ಹಾಲಿನ ಪುಡಿಯ ಡಬ್ಬಿ ಸಿಕ್ಕಿತೋ, ಅವತ್ತು ಅವರ ಗ್ರಹಚಾರ ಕೆಟ್ಟಿತು ಅಂತಲೇ ಲೆಕ್ಕ. ಡಬ್ಬಿ ಸೀದಾ ಸಿಸ್ಟರ್ ಬೀರುವಿಗೆ ಹೋಗುತ್ತಿತ್ತು. ತಂದವರು ಬೆಂಚಿನ ಮೇಲೆ ಕೂತು ಪಾಠ ಕೇಳಬೇಕಾಗುತ್ತಿತ್ತು.

“ನಿಮ್ಮ ಮಗಳೇನು ನೀರು ನಿಂತುಹೋದ ನಲ್ಲೀನಾ? ಮಗು ಚೀಪಿದ್ರೆ ತಾನೇ ಹಾಲು ಬರೋದು? ನೀವು ಡಬ್ಬಿ ತೋರಿಸಿದ್ರೆ ಅದು ಯಾಕೆ ಚೀಪುತ್ತೆ ಹೇಳಿ.”

ಮನೆಗೆ ಹೋಗುವ ದಿನ ಡಬ್ಬಿ ವಾಪಸ್ಸು ಸಿಗುತ್ತಿತ್ತು, ಕೇಳುವ ಧೈರ್ಯ ಇದ್ದವರಿಗೆ. ಹೆಚ್ಚಿನವರು ಕೇಳದೆ ಹಿಂದಿನ ಮೆಟ್ಟಿಲಿಂದ ಇಳಿದು ಹೋಗುತ್ತಿದ್ದರು. ‘ಡಬ್ಬಿ ಪೊಲೀಸ್’ ಅಂತ ಅವರಿಗೊಂದು ಹೆಸರಿತ್ತು, ಬೆನ್ನ ಹಿಂದೆ. ಅದು ಅವರ ಕಿವಿಗೂ ಬಿದ್ದಿತ್ತು. “ಪೊಲೀಸಿನವರಿಗೆ ಮಾಮೂಲಾದರೂ ಸಿಗುತ್ತೆ, ನನಗೆ ಸಿಗೋದು ಬರೀ ಶಾಪ” ಅಂದು ನಕ್ಕಿದ್ದರು.

ನಾನು ಅವರ ಕೈಕೆಳಗೆ ಪಳಗಿದ ನರ್ಸು. ನನ್ನನ್ನು ಚಿಕ್ಕ ಸಿಸ್ಟರ್ ಅನ್ನುತ್ತಾರೆ. ಅವರ ಹತ್ತಿರ ಬೈಸಿಕೊಳ್ಳದೆ ಕೆಲಸ ಕಲಿತವರು ಆ ವಾರ್ಡಿನಲ್ಲಿ ಒಬ್ಬರೂ ಇಲ್ಲ, ಡಾಕ್ಟರುಗಳನ್ನೂ ಸೇರಿಸಿ ಹೇಳುತ್ತಿದ್ದೇನೆ. ಆದರೂ ಅವರನ್ನು ಬರೀ ಬಜಾರಿ ಅಂದುಕೊಂಡರೆ ತಪ್ಪಾಗುತ್ತದೆ. ಮಗುವಿನ ಬಾಯಿ ಎದೆಗೆ ಸರಿಯಾಗಿ ಕಚ್ಚಿಕೊಳ್ಳದೆ ಅಳುವ ಹೊಸ ತಾಯಂದಿರ ಪಕ್ಕದಲ್ಲಿ, ಊಟದ ಹೊತ್ತು ಮೀರಿದರೂ ಬೆನ್ನು ಬಗ್ಗಿಸಿಕೊಂಡು ಕೂತಿರುತ್ತಿದ್ದರು. ಮಗುವಿನ ಗಂಟಲ ಹತ್ತಿರ ಕಿವಿಯಿಟ್ಟು ಗುಟುಕಿನ ಸದ್ದು ಕೇಳಿಸಿಕೊಂಡು, “ಹಾಂ, ಇಳೀತು” ಅಂದರೆ ಆ ತಾಯಿಯ ಮುಖ ಅರಳುತ್ತಿತ್ತು. ತಾಯಿ ಇಲ್ಲದ ಕೂಸಿಗೆ, ಕಾಯಿಲೆಯಿಂದ ಹಾಲೂಡಿಸಬಾರದ ತಾಯಿಯ ಕೂಸಿಗೆ ಡಾಕ್ಟರು ಬರೆದುಕೊಟ್ಟರೆ, ಪುಡಿಹಾಲನ್ನು ಅವರೇ ಅಳೆದು ಕಲಸಿ ಕೊಡುತ್ತಿದ್ದರು. ಅಳತೆಯ ಚಮಚದ ಮೇಲೆ ಪುಡಿ ಗೋಪುರದ ಹಾಗೆ ಎದ್ದರೆ ಚಾಕುವಿನಲ್ಲಿ ಸಮ ಮಾಡುತ್ತಿದ್ದರು. ಅವರಿಗೆ ಡಬ್ಬಿಯ ಮೇಲೆ ದ್ವೇಷ ಇರಲಿಲ್ಲ, ಬೇಕಿಲ್ಲದವರ ಕೈಗೆ ಅದು ಸಿಗುವುದರ ಮೇಲೆ ಇತ್ತು.

ಅದಕ್ಕೂ ಕಾರಣ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರನ್ನು ಮಕ್ಕಳ ವಾರ್ಡಿಗೆ ಹಾಕಿದ್ದರಂತೆ. ಬೇಸಿಗೆ ಬಂತೆಂದರೆ ಸಾಕು, ಭೇದಿಯಿಂದ ಕಣ್ಣು ಗುಳಿಬಿದ್ದ ಕೂಸುಗಳು ಬರುತ್ತಿದ್ದವು, ಜೊತೆಗೊಂದು ಹುಳಿ ವಾಸನೆಯ ಬಾಟಲಿ. ಅಂಥ ಒಂದು ಕೂಸು ಅವರ ತೊಡೆಯ ಮೇಲೆಯೇ ಹೋಯಿತು. ಅದರ ತಾಯಿಗೆ ಧಾರಾಳ ಹಾಲಿತ್ತು. ಪಕ್ಕದ ಮನೆಯವಳು ಡಬ್ಬಿ ಹಾಲಿಗೆ ಮಗು ದುಂಡಗಾಗುತ್ತದೆ ಅಂದಿದ್ದಳಂತೆ, ಇವಳು ನಂಬಿದ್ದಳು. “ಮಗು ಹೋಗಿದೆ, ಅವಳ ಎದೆಯಿಂದ ಹಾಲು ಸೋರಿ ಬಟ್ಟೆಯೆಲ್ಲ ಒದ್ದೆ. ಅದನ್ನು ನೋಡಿದವಳು ನಾನು. ನನ್ನ ಹತ್ರ ಯಾರೂ ವಾದಕ್ಕೆ ಬರಬೇಡಿ” ಅನ್ನುತ್ತಿದ್ದರು. ಯಾರೂ ಹೋಗುತ್ತಿರಲಿಲ್ಲ.

ಅವರ ಗಂಡ ಹೋಗಿ ತುಂಬಾ ಕಾಲವಾಗಿತ್ತು. ಇದ್ದವಳು ಒಬ್ಬಳೇ ಮಗಳು. ಕನ್ನಡಕದ ಅಂಗಡಿಯಲ್ಲಿ ಕೆಲಸ, ಮಾತು ಕಮ್ಮಿ. ಅಮ್ಮನ ಬಾಯಿ ಇಬ್ಬರಿಗೆ ಸಾಲುವಷ್ಟು ಇದ್ದಾಗ ಮಗಳಿಗೆ ಇನ್ನೆಷ್ಟು ಉಳಿದೀತು! ಲಾರಿ ಓಡಿಸುವ ಹುಡುಗನನ್ನು ಮೆಚ್ಚಿ ಮದುವೆಯಾಗಿದ್ದಳು. ಅವನು ಒಳ್ಳೆಯವನೇ, ಆದರೆ ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದು ಹೆಚ್ಚು. ಎಂಥ ಘಾಟಿಯಲ್ಲೂ ಹೆದರದೆ ಲಾರಿ ಇಳಿಸುವ ಆಸಾಮಿ ಅತ್ತೆಯ ಎದುರು ಮಾತ್ರ ಲೋಟ ಕೆಳಗಿಡುವಾಗಲೂ ಸದ್ದಾಗದಂತೆ ಇಡುತ್ತಿದ್ದ.

ಮಗಳ ಹೆರಿಗೆ ನಮ್ಮ ವಾರ್ಡಿನಲ್ಲೇ ಆಯಿತು. ಹೆಣ್ಣು ಕೂಸು, ಚೆನ್ನಾಗಿಯೇ ಅತ್ತಿತು. ಆಮೇಲೆ ಶುರುವಾಯಿತು ರಕ್ತ ಹೋಗುವುದು. ನಿಲ್ಲಲೇ ಇಲ್ಲ. ಬಾಟಲಿಯ ಮೇಲೆ ಬಾಟಲಿ ರಕ್ತ ಏರಿಸಿದೆವು. ದೊಡ್ಡ ಸಿಸ್ಟರ್ ತಮ್ಮ ಕೈಯಿಂದಲೇ ಮಗಳ ಹೊಟ್ಟೆ ಒತ್ತಿ ಹಿಡಿದು ನಿಂತಿದ್ದರು, ಯಾರು ಬಿಡಿಸಿದರೂ ಬಿಡಲಿಲ್ಲ. ಕೊನೆಗೆ ರಕ್ತ ನಿಂತಿತು. ಮಗಳು ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡು ಮಲಗಿದ್ದಳು, ಬದುಕಿದ್ದಳು. ಅವತ್ತು ದೊಡ್ಡ ಸಿಸ್ಟರ್ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಅತ್ತಿದ್ದು ನನಗೆ ಮಾತ್ರ ಗೊತ್ತು.

ಮನೆಗೆ ಹೋಗುವ ದಿನವೂ ಹಾಲು ಸರಿಯಾಗಿ ಇಳಿದಿರಲಿಲ್ಲ. “ಬರುತ್ತೆ, ಚೀಪಿಸ್ತಾ ಇರು. ನನ್ನ ಮಗಳಿಗೆ ಬರದೆ ಇನ್ಯಾರಿಗೆ ಬರುತ್ತೆ?” ಅಂದರು. ಬೇರೆ ಯಾರಾದರೂ ಆಗಿದ್ದರೆ ಅವರೇ ಎದೆ ಮುಟ್ಟಿ ನೋಡಿ, ಹಿಂಡಿ ನೋಡಿ, ಎರಡು ದಿನ ಬಿಟ್ಟು ಬಾ ಅನ್ನುತ್ತಿದ್ದರು. ಮಗಳ ವಿಷಯದಲ್ಲಿ ನೋಡುವಂಥದ್ದು ಏನಿದೆ ಅನಿಸಿರಬೇಕು.

ಮುಂದಿನದನ್ನು ನನಗೆ ಮಗಳೇ ಹೇಳಿದ್ದು, ಎಲ್ಲ ಮುಗಿದ ಮೇಲೆ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿದ್ದ ಅಮ್ಮನ ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಜಾಗ. ಕೂಸು ಎದೆಗೆ ಬಾಯಿ ಹಾಕುತ್ತಿತ್ತು, ಒಂದಿಷ್ಟು ಹೊತ್ತು ಚೀಪುತ್ತಿತ್ತು, ಆಮೇಲೆ ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿತ್ತು. ಮತ್ತೆ ಎದೆಗೆ, ಮತ್ತೆ ಕಿರುಚು. ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು. ಬಂದುಹೋಗುವವರ ಎದುರು ಅಮ್ಮ “ನನ್ನ ಮಗಳಿಗೆ ಹಾಲಿಗೇನು ಕಮ್ಮಿ, ಕೂಸಿಗೆ ಹಠ ಜಾಸ್ತಿ, ನನ್ನ ಹಾಗೇ” ಅನ್ನುತ್ತಿದ್ದರು. ಮೊದಲನೇ ವಾರ ರಜೆಯ ಮೇಲೆ ಬಂದ ಗಂಡನಿಗೆ ಆ ಅಳು ಸಹಿಸಲು ಆಗಲಿಲ್ಲ. ಯಾವುದೋ ದೂರದ ಊರಿನ ಅಂಗಡಿಯಿಂದ ಒಂದು ಡಬ್ಬಿ ತಂದು ಅವಳ ಸೂಟ್‌ಕೇಸಿನಲ್ಲಿ ಬಟ್ಟೆಯ ಕೆಳಗೆ ಇಟ್ಟ.

“ಅತ್ತೆಗೆ ಹೇಳೋದು ಬೇಡ. ಮೊದ್ಲು ಇದರ ಅಳು ನಿಲ್ಲಲಿ, ಆಮೇಲೆ ನೋಡ್ಕೊಳ್ಳೋಣ.”

ದೊಡ್ಡ ಸಿಸ್ಟರ್ ರಜೆ ಮುಗಿಸಿ ಬೆಳಗಿನ ಪಾಳಿಗೆ ಬರತೊಡಗಿದ್ದರು. ಹಾಗಾಗಿ ಬೆಳಗಿನ ಹೊತ್ತು ಮನೆಯಲ್ಲಿ ಮಗಳು, ಕೂಸು ಇಬ್ಬರೇ. ಫ್ಲಾಸ್ಕಿನಲ್ಲಿ ಬಿಸಿನೀರು ಇರುತ್ತಿತ್ತು. ಡಬ್ಬಿಯ ಮೇಲೆ ಬರೆದಿದ್ದ ಹಾಗೆಯೇ ಅಳೆದು, ಕಲಸಿ, ಸ್ಟೀಲ್ ಲೋಟದಿಂದ ಚಮಚದಲ್ಲಿ ಕುಡಿಸಿದಳು. ಕೂಸು ಕಣ್ಣು ಅಗಲಿಸಿ ಗಟಗಟ ಕುಡಿದು ನಿದ್ದೆ ಹೋಯಿತು. ಹುಟ್ಟಿದ ಮೇಲೆ ಅದು ಅಷ್ಟು ಹೊತ್ತು ನೆಮ್ಮದಿಯಾಗಿ ಮಲಗಿದ್ದು ಅದೇ ಮೊದಲು. ಅವಳೂ ಪಕ್ಕದಲ್ಲಿ ಬಿದ್ದುಕೊಂಡು ಮಲಗಿದಳಂತೆ.

ಒಂದು ದಿನ ಅಮ್ಮ ಹೊತ್ತಿಗೆ ಮುಂಚೆ ಬಂದುಬಿಟ್ಟರು. ಡಬ್ಬಿ ಒಳಗೆ ಹೋಗಿತ್ತು, ಲೋಟ ಮಾತ್ರ ಮಂಚದ ಪಕ್ಕದ ಸ್ಟೂಲಿನ ಮೇಲೆ ಇತ್ತು, ಅರ್ಧ ತುಂಬಿಕೊಂಡು.

“ಇದೇನೇ?”

“ಹಿಂಡಿಟ್ಟಿದ್ದೆ ಅಮ್ಮ.”

ಯೋಚಿಸಿ ಆಡಿದ ಮಾತಲ್ಲ ಅದು, ಬಾಯಿಂದ ಜಾರಿಬಿಟ್ಟಿತ್ತು. ಹಾಲು ಹಿಂಡಿ ಲೋಟದಲ್ಲಿಡುವುದು ಅಮ್ಮನೇ ಊರಿಗೆಲ್ಲ ಕಲಿಸುತ್ತಿದ್ದ ವಿದ್ಯೆ. ಅವರ ಮುಖ ಹೇಗೆ ಅರಳಿತೆಂದರೆ, ಮಗಳು ಪರೀಕ್ಷೆಯಲ್ಲಿ ಪಾಸಾದಾಗಲೂ ಹಾಗೆ ಅರಳಿರಲಿಲ್ಲವಂತೆ. “ನೋಡಿದ್ಯಾ, ನಾನು ಹೇಳಿರ್ಲಿಲ್ವಾ!” ಅಂತ ಮಗಳ ತಲೆ ಸವರಿ, ಕೈ ತೊಳೆದು ಬಂದು, ಉಳಿದ ಹಾಲನ್ನು ತಾವೇ ಕುಡಿಸಿದರು. ಆ ವಾಸನೆ ಗೊತ್ತಾಗಲಿಲ್ಲವೇ ಅಂತ ನೀವು ಕೇಳಬಹುದು. ಬೇರೆಯವರ ಚೀಲದಲ್ಲಿದ್ದಿದ್ದರೆ ಮೆಟ್ಟಿಲ ಬುಡದಿಂದಲೇ ಮೂಗಿಗೆ ಬಡಿಯುತ್ತಿತ್ತು. ಸ್ವಂತ ಮನೆಯಲ್ಲಿ ಅವರು ಮೂಸಿ ನೋಡಲೇ ಇಲ್ಲ.

ಆಮೇಲಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ಡ್ಯೂಟಿಯಿಂದ ಬಂದವರೇ “ಎಲ್ಲಿ, ನನ್ನ ಪಾಲಿನ ಲೋಟ?” ಅನ್ನುತ್ತಿದ್ದರು. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಲ್ಲಿ ಕುಡಿಸುವುದು ಅವರ ದಿನದ ಸುಖ. ಆ ಲೋಟವನ್ನು ದಿನಾ ಮಧ್ಯಾಹ್ನ ತುಂಬಿಸಿಡುವುದು ಮಗಳ ಪಾಲಿಗೆ ಬಂತು. ರಾತ್ರಿಯದನ್ನು ಅಮ್ಮ ಮಲಗಿದ ಮೇಲೆ ಕಲಸುತ್ತಿದ್ದಳು. ಒಂದು ಸಲ ಜಾರಿದ ಸುಳ್ಳನ್ನು ಅವಳು ದಿನಾ ಹೊಸದಾಗಿ ಕಲಸಬೇಕಾಗಿತ್ತು.

ತಿಂಗಳಿಗೆ ಕೂಸನ್ನು ತೂಕ ಮಾಡಿಸಲು ವಾರ್ಡಿಗೆ ತಂದರು. ತೂಕ ಚೆನ್ನಾಗಿಯೇ ಏರಿತ್ತು. ದೊಡ್ಡ ಸಿಸ್ಟರ್ ಅದನ್ನು ಎತ್ತಿಕೊಂಡು ಒಂದೊಂದು ಮಂಚದ ಎದುರಿಗೂ ನಿಂತರು. “ನೋಡ್ರಮ್ಮ, ಚೆನ್ನಾಗಿ ನೋಡ್ಕೊಳ್ಳಿ. ಡಬ್ಬಿ ಅಂದ್ರೇನು ಅಂತ್ಲೇ ಕಾಣದ ಕೂಸು ಇದು.” ಮಗಳು ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಹೊಗಳಿಕೆಗೆ ನಾಚಿಕೊಂಡಿದ್ದಾಳೆ ಅಂದುಕೊಂಡೆವು ನಾವು.

ಅಷ್ಟರಲ್ಲಿ, ಗಂಡ ಬಂದಾಗೆಲ್ಲ ತಂದಿಡುತ್ತಿದ್ದ ಡಬ್ಬಿಗಳಲ್ಲಿ ಕೊನೆಯದೂ ತಳ ಕಾಣತೊಡಗಿತು. ಈ ಸಲವೂ ತರುತ್ತೇನೆ ಅಂದಿದ್ದ. ಆದರೆ ದಾರಿಯಲ್ಲೆಲ್ಲೋ ಸೇತುವೆ ಕುಸಿದು ಲಾರಿಗಳೆಲ್ಲ ಸಾಲಾಗಿ ನಿಂತವು. ಇವತ್ತು ಬಿಡುತ್ತಾರೆ, ನಾಳೆ ಬಿಡುತ್ತಾರೆ ಅಂತ ಫೋನಿನಲ್ಲಿ ಹೇಳುತ್ತಲೇ ಇದ್ದ. ಹತ್ತಿರದ ಔಷಧಿ ಅಂಗಡಿಯಲ್ಲಿ ಡಬ್ಬಿ ಇತ್ತು, ಕಪಾಟಿನ ತುಂಬ ಇತ್ತು. ಆದರೆ ಆ ಅಂಗಡಿಯವನು ದೊಡ್ಡ ಸಿಸ್ಟರ್‌ಗೆ ಹೆದರಿ, ಅವರ ಬೀದಿಯಲ್ಲಿ ಯಾರು ಡಬ್ಬಿ ಒಯ್ದರೂ ಅವರಿಗೆ ಸುದ್ದಿ ಮುಟ್ಟಿಸುವವನು. ಸಿಸ್ಟರ್ ಮಗಳೇ ಹೋಗಿ ಕೇಳಿದರೆ? ಒಂದು ಸಲ ಹೋಗಿದ್ದಳಂತೆ, ಅಂಗಡಿಯವರೆಗೆ. ಅವನು “ಏನಮ್ಮ, ಅಮ್ಮ ಏನಾದ್ರೂ ಬೇಕು ಅಂದ್ರಾ?” ಅಂದದ್ದೇ ತಡ, ತಲೆನೋವಿನ ಮಾತ್ರೆ ತೆಗೆದುಕೊಂಡು ವಾಪಸ್ಸು ಬಂದಳು.

ದೂರದ ಅಂಗಡಿಗೆ ಹೋಗೋಣವೆಂದರೆ ಕೂಸನ್ನು ಅಷ್ಟು ಹೊತ್ತು ಬಿಟ್ಟಿರುವ ಹಾಗಿರಲಿಲ್ಲ. ಉಳಿದಿದ್ದು ಒಂದೇ ದಾರಿ. ಇದ್ದ ಪುಡಿಯನ್ನು ಎಳೆದಾಡಿಸುವುದು. ಮೊದಲು ಅಳತೆಗಿಂತ ಸ್ವಲ್ಪ ಕಮ್ಮಿ ಹಾಕಿದಳು. ಆಮೇಲೆ ಅರ್ಧ. ಕೊನೆಗೆ ಚಿಟಿಕೆಯಲ್ಲಿ ಉದುರಿಸುವ ಹಂತಕ್ಕೆ ಬಂದಳು. ನೀರು ಮಾತ್ರ ಲೋಟದ ತುಂಬ, ಯಾಕೆಂದರೆ ಲೋಟ ತುಂಬಿರಬೇಕಿತ್ತಲ್ಲ. ತಾಯಿಯ ಹಾಲು ಹೇಗೂ ತೆಳ್ಳಗೇ ಇರುತ್ತದೆ, ಯಾರಿಗೂ ಅನುಮಾನ ಬರಲಿಲ್ಲ. ಹೊಟ್ಟೆ ತುಂಬದ ಕೂಸು ಮತ್ತೆ ಮತ್ತೆ ಅತ್ತಿತು, ಅವಳು ಮತ್ತೆ ಮತ್ತೆ ಆ ಬಿಳಿ ನೀರನ್ನೇ ಕುಡಿಸಿದಳು.

ಇಷ್ಟು ಹೊತ್ತಿಗೆ ನಿಮಗೆ ಸಿಟ್ಟು ಬಂದಿರಬೇಕು, ಓದುಬರಹ ಬಲ್ಲ ಹುಡುಗಿ ಬಾಯಿಬಿಟ್ಟು ಹೇಳಿಬಿಡಬಾರದಿತ್ತೇ ಅಂತ. ನನಗೂ ಬಂದಿತ್ತು. ಹಾಗೆ ಅನ್ನುವವರು ದೊಡ್ಡ ಸಿಸ್ಟರ್ ಎದುರು ಒಂದು ಡಬ್ಬಿ ಹಿಡಿದುಕೊಂಡು ನಿಂತು ನೋಡಬೇಕಿತ್ತು. ಅದೂ ವಾರ್ಡಿನ ಮಂಚ ಮಂಚಕ್ಕೂ ನಿಮ್ಮ ಕೂಸನ್ನು ತೋರಿಸಿ ಬಂದ ಮೇಲೆ.

ಕೂಸಿನ ಅಳು ನಿಂತಿತು. ಹೆಚ್ಚು ಮಲಗತೊಡಗಿತು. ಹಿಂದಿನ ತಂತಿಯ ಮೇಲೆ ಒದ್ದೆ ಬಟ್ಟೆಗಳ ಸಾಲು ಉದ್ದವಾಗುತ್ತಾ ಹೋಯಿತು. ಹಾಲು ಸಾಲುತ್ತಿದೆಯೇ ಇಲ್ಲವೇ ಅಂತ ತಿಳಿಯಬೇಕಾದರೆ ಒದ್ದೆ ಬಟ್ಟೆ ನೋಡಿ ಅಂತ ನಾವೇ ತಾಯಂದಿರಿಗೆ ಹೇಳಿಕೊಡುವುದು. ದೊಡ್ಡ ಸಿಸ್ಟರ್ ತಂತಿಯ ಕಡೆ ನೋಡಿ ಹಿಗ್ಗಿದರು. ಕೂಸಿನ ಮುಖವೂ ಊದಿಕೊಂಡಿತ್ತು. “ಕೆನ್ನೆ ಬಂದಿದೆ ನೋಡಿ” ಅಂದಳು ಪಕ್ಕದ ಮನೆಯಾಕೆ. ಹೌದು ಹೌದು ಅಂದರು ಇವರು. ಮಗಳು ಮಾತ್ರ ಕೂಸಿನ ಅಂಗಾಲು ಮುಟ್ಟಿ ಮುಟ್ಟಿ ನೋಡುತ್ತಿದ್ದಳಂತೆ, ಯಾಕೋ ತಣ್ಣಗಿರುತ್ತದೆ ಅಂತ.

ಅವತ್ತು ಮಧ್ಯಾಹ್ನ ಪಾಳಿ ಬದಲಾಗಿತ್ತು. ದೊಡ್ಡ ಸಿಸ್ಟರ್ ಮನೆಗೆ ಹೋಗಿ ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ನಾನು ವಾರ್ಡಿನ ಕಿಟಕಿಯ ಹತ್ತಿರ ಇಂಜೆಕ್ಷನ್ ಟ್ರೇ ಜೋಡಿಸುತ್ತಿದ್ದೆ. ಕೆಳಗೆ ಗೇಟಿನಿಂದ ಯಾರೋ ಓಡಿ ಬರುತ್ತಿದ್ದರು, ಬರಿಗಾಲಲ್ಲಿ, ಎದೆಗೆ ಟವಲಿನ ಗಂಟೊಂದನ್ನು ಅವುಚಿಕೊಂಡು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು, ಯಾಕೆಂದರೆ ದೊಡ್ಡ ಸಿಸ್ಟರ್ ಓಡಿದ್ದನ್ನು ನಾವು ಯಾರೂ ಯಾವತ್ತೂ ನೋಡಿರಲಿಲ್ಲ. ಹಿಂದೆ ಮಗಳು. ಟ್ರೇ ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದೆ.

“ಎಚ್ಚರ ಆಗ್ತಿಲ್ಲ ಕಣೇ. ಲೋಟದಿಂದ ಕುಡಿಸ್ತಾ ಇದ್ದೆ, ಹಾಲು ಹಾಗೇ ಕಟಬಾಯಿಂದ ಇಳಿದುಹೋಯ್ತು. ಕೈ ನೋಡು, ಕೈ ನೋಡು!”

ಕೂಸಿನ ಬಲಗೈ ತನ್ನಷ್ಟಕ್ಕೆ ಅದುರುತ್ತಿತ್ತು. ಕಣ್ಣು ಒಂದು ಕಡೆಗೆ ವಾಲಿ ನಿಂತಿತ್ತು. ಮುಟ್ಟಿದರೆ ಮೈ ತಣ್ಣಗೆ. ನಾನು ಮುಂದೆ ಓಡಿ ತುರ್ತು ಕೋಣೆಯ ಬಾಗಿಲು ತಳ್ಳಿದೆ.

ಮಕ್ಕಳ ತುರ್ತು ಕೋಣೆಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು. ಓದುವ ಕಾಲದಲ್ಲಿ ಎಳೆಗೂಸನ್ನು ಎತ್ತಿ ಹಿಡಿಯುವುದನ್ನು ದೊಡ್ಡ ಸಿಸ್ಟರ್ ಹತ್ತಿರವೇ ಕಲಿತವರು. ಬೇಗ ಬೇಗ ಕೆಲಸ ನಡೆಯಿತು. ಆಮ್ಲಜನಕ ಹಚ್ಚಿದರು, ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಿದರು, ಸೂಜಿ ಹಾಕಿ ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು, ಅದುರು ನಿಲ್ಲಲು ಔಷಧಿ ಕೊಟ್ಟರು. ಅದುರು ಒಂದಿಷ್ಟು ನಿಂತು ಮತ್ತೆ ಶುರುವಾಯಿತು. ಡಾಕ್ಟರು ಕೆಲಸ ಮಾಡುತ್ತಲೇ ಒಂದೊಂದಾಗಿ ಕೇಳುತ್ತಾ ಹೋದರು.

“ಜ್ವರ ಇತ್ತಾ?”

“ಇಲ್ಲ” ಅಂದರು ದೊಡ್ಡ ಸಿಸ್ಟರ್.

“ಬಿದ್ದಿತ್ತಾ? ತಲೆಗೆ ಏಟು?”

“ಇಲ್ಲ.”

“ಏನು ಕುಡಿಸ್ತಾ ಇದ್ದೀರಿ?”

“ಬರೀ ಎದೆಹಾಲು.”

“ನೀರು, ಡಬ್ಬಿ ಹಾಲು, ಗ್ರೈಪ್ ವಾಟರ್, ಏನಾದ್ರೂ?”

ದೊಡ್ಡ ಸಿಸ್ಟರ್ ತಲೆಯೆತ್ತಿದರು. ಆ ಸ್ಥಿತಿಯಲ್ಲೂ ಅವರಿಗೆ ರೇಗಿತು. “ಯಾರನ್ನು ಕೇಳ್ತಿದ್ದೀರಿ ಡಾಕ್ಟ್ರೇ? ನನ್ನ ಮನೆ ಅದು. ಎದೆಹಾಲು ಬಿಟ್ಟು ಒಂದು ತೊಟ್ಟು ನೀರು ಸಹ ಅದರ ಬಾಯಿಗೆ ಹೋಗಿಲ್ಲ. ನಾನು ಬರೆದುಕೊಡ್ತೀನಿ ಬೇಕಾದ್ರೆ.”

ಡಾಕ್ಟರು ತಲೆಯಾಡಿಸಿದರು. ಬೇರೆ ಯಾರೇ ಹೇಳಿದ್ದರೂ ಅವರು ಇನ್ನೊಮ್ಮೆ ತಾಯಿಯ ಕಡೆ ತಿರುಗಿ ಕೇಳುತ್ತಿದ್ದರು. ಹೇಳಿದವರು ದೊಡ್ಡ ಸಿಸ್ಟರ್. ಆ ಆಸ್ಪತ್ರೆಯಲ್ಲಿ ಅವರ ಮಾತಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

“ಹಾಗಾದ್ರೆ ಮೆದುಳಿಗೆ ಸೋಂಕು ತಗುಲಿರಬಹುದು ಸಿಸ್ಟರ್. ಬೆನ್ನಿಂದ ನೀರು ತೆಗೆದು ನೋಡಬೇಕು. ಅಲ್ಲೀವರೆಗೆ ಗ್ಲೂಕೋಸ್ ಡ್ರಿಪ್ ಹಾಕಿರೋಣ.”

“ಹಾಕಿ, ಹಾಕಿ. ಬೇಗ ಹಾಕಿ.”

ನಾನು ಕೂಸಿನ ಕಾಲು ಹಿಡಿದುಕೊಂಡಿದ್ದೆ. ಎದುರಿಗೆ ಗೋಡೆಗೆ ಒರಗಿ ಮಗಳು ನಿಂತಿದ್ದಳು. ಅವಳ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಹೆದರಿದ್ದಾಳೆ, ಬಿದ್ದುಬಿಡುತ್ತಾಳೇನೋ ಅಂತ “ಕೂತ್ಕೋ” ಅಂದೆ. ಕೂರಲಿಲ್ಲ. ಇನ್ನೊಬ್ಬ ನರ್ಸು ಗ್ಲೂಕೋಸಿನ ಬಾಟಲಿಯನ್ನು ಕೊಕ್ಕೆಗೆ ಸಿಕ್ಕಿಸಿ ಕೊಳವೆಯನ್ನು ಕೂಸಿನ ಕೈಯ ಸೂಜಿಯ ಹತ್ತಿರ ತಂದಳು.

“ಅದು ನನ್ನ ಹಾಲಲ್ಲ.”

ಯಾರು ಅಂದರು ಅಂತ ನಮಗೆ ಕೂಡಲೇ ತಿಳಿಯಲಿಲ್ಲ, ಅಷ್ಟು ಒಣಗಿದ ದನಿ.

“ಯಾವುದು?” ಅಂದರು ದೊಡ್ಡ ಸಿಸ್ಟರ್, ತಿರುಗದೆ.

“ಲೋಟದಲ್ಲಿದ್ದದ್ದು. ನನ್ನ ಹಾಲಲ್ಲ ಅಮ್ಮ. ನನಗೆ ಹಾಲೇ ಬರಲಿಲ್ಲ, ಸರಿಯಾಗಿ ಯಾವತ್ತೂ ಬರಲಿಲ್ಲ. ಅದು ಡಬ್ಬಿದು. ಖಾಲಿ ಆಗ್ತಾ ಬಂತು, ಅವರು ಬರಲಿಲ್ಲ, ನಾನು ನೀರು ಹಾಕಿದೆ. ನೀರು ಜಾಸ್ತಿ ಹಾಕಿದೆ.”

ಡಾಕ್ಟರ ಕೈ ನಿಂತಿತು. “ಡ್ರಿಪ್ ಹಾಕಬೇಡಿ” ಅಂದರು ನರ್ಸಿಗೆ. ಆಮೇಲೆ ಮಗಳ ಹತ್ತಿರ ಬಂದು, ಮೆತ್ತಗೆ, “ಪುಡಿ ಎಷ್ಟು ಹಾಕ್ತಿದ್ರಿ?” ಅಂದರು.

“ಬಿಳಿ ಬಣ್ಣ ಬರೋಷ್ಟು.”

ದೊಡ್ಡ ಸಿಸ್ಟರ್ ಆಗ ತಿರುಗಿದರು. ಅವರ ಕೈ ಮೇಲೆದ್ದಿತ್ತು. ಹೊಡೆದೇಬಿಡುತ್ತಾರೆ ಅಂದುಕೊಂಡೆ. ಕೈ ಅಲ್ಲೇ ಗಾಳಿಯಲ್ಲಿ ನಿಂತು, ಮೆಲ್ಲಗೆ ಅವರದೇ ಬಾಯಿಯ ಮೇಲೆ ಬಂದು ಕೂತಿತು. ಆ ಲೋಟದಿಂದ ಎಷ್ಟೋ ಮಧ್ಯಾಹ್ನಗಳು ಚಮಚ ಚಮಚವಾಗಿ ಕುಡಿಸಿದ ಕೈ ಅದು. ಅದು ಅವರಿಗೂ ಅದೇ ಕ್ಷಣದಲ್ಲಿ ಹೊಳೆದಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಅವರು ಡಾಕ್ಟರ ಕಡೆ ನೋಡಿದರು. ಡ್ಯೂಟಿಯಲ್ಲಿ ವರದಿ ಒಪ್ಪಿಸುವಾಗ ಮಾತಾಡುವ ದನಿಯಲ್ಲೇ ಹೇಳಿದರು: “ನಾನು ಹೇಳಿದ್ದೆಲ್ಲ ಬಿಟ್ಟುಬಿಡಿ ಡಾಕ್ಟ್ರೇ. ನನಗೆ ಏನೂ ಗೊತ್ತಿಲ್ಲ. ಅವಳು ಹೇಳಿದ್ದನ್ನು ತಗೊಳ್ಳಿ.”

ಎಳೆಗೂಸಿನ ಮೈಗೆ ಅಷ್ಟು ನೀರನ್ನು ಹೊರಹಾಕುವ ಶಕ್ತಿ ಇರುವುದಿಲ್ಲ. ರಕ್ತದಲ್ಲಿರುವ ಉಪ್ಪಿನಂಶ ತೆಳುವಾಗಿ, ನೀರು ಮೆದುಳಿಗೆ ಇಳಿದು ಊತ ಬರುತ್ತದೆ. ಫಿಟ್ಸ್ ಬರುವುದು ಅದಕ್ಕೇ. ಗ್ಲೂಕೋಸಿನ ಡ್ರಿಪ್ ಹಾಕಿದ್ದರೆ ನೀರಿಗೆ ಇನ್ನಷ್ಟು ನೀರು ಸುರಿದ ಹಾಗೆ ಆಗುತ್ತಿತ್ತು. ಡಾಕ್ಟರು ಉಪ್ಪಿನಂಶ ಜಾಸ್ತಿ ಇರುವ ದ್ರಾವಣ ತರಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರ ಹಾಗೆ ನೋಡುತ್ತಾ, ತೊಟ್ಟು ತೊಟ್ಟಾಗಿ ಬಿಟ್ಟರು. ಲ್ಯಾಬಿನಿಂದ ರಕ್ತದ ವರದಿ ಬಂದಾಗ ಮಗಳು ಹೇಳಿದ್ದೇ ನಿಜವಾಗಿತ್ತು. ಅದುರು ನಿಂತಿತು. ಆದರೆ ಕೂಸು ಕಣ್ಣು ಬಿಡಲಿಲ್ಲ. ಮೆದುಳಿಗೆ ಏನಾಗಿದೆ, ಏಳುತ್ತದೋ ಇಲ್ಲವೋ, ಎದ್ದರೂ ಮೊದಲಿನ ಹಾಗೆ ಇರುತ್ತದೋ ಅಂತ ಕೇಳಿದ್ದಕ್ಕೆ, ಈಗಲೇ ಏನೂ ಹೇಳಲಾಗುವುದಿಲ್ಲ, ಕಾಯಬೇಕು ಅಂದರು.

ಹೊರಗಿನ ಕಾರಿಡಾರಿನ ಬೆಂಚಿನ ಮೇಲೆ ತಾಯಿ ಮಗಳು ಕೂತರು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು. ನಾನು ಎದುರಿಗೆ ನಿಂತಿದ್ದೆ. ಹೋಗಲೂ ಮನಸ್ಸಿಲ್ಲ, ಇರಲೂ ಸಂಕಟ.

“ನನ್ನ ಹತ್ರ ಹೇಳೋಕಾಗದೆ ಇರೋಕೆ ನಾನೇನು ಹುಲೀನಾ?” ಅಂದರು ದೊಡ್ಡ ಸಿಸ್ಟರ್ ಕೊನೆಗೆ. ಬೈಗುಳವಾಗಿ ಶುರುವಾದ ಮಾತು ಅರ್ಧದಲ್ಲೇ ಒಡೆದುಹೋಯಿತು.

“ಹುಲಿ ಆಗಿದ್ರೆ ಓಡಿಹೋಗ್ತಿದ್ದೆ. ನೀನು ಅಮ್ಮ.”

ಮಗಳು ಮತ್ತೆ ಅಂದಳು, ನೆಲ ನೋಡುತ್ತಾ: “ವಾರ್ಡಲ್ಲಿ ಪ್ರತಿಯೊಬ್ಬರ ಹತ್ರ ಕೂತು ಕೇಳ್ತೀಯ, ಹಾಲು ಬರ್ತಿದ್ಯಾ, ನೋವಿದ್ಯಾ, ಹೆದರಿಕೆ ಆಗ್ತಿದ್ಯಾ ಅಂತ. ನಂಗೂ ಕೇಳ್ತೀಯ ಅಂತ ಕಾಯ್ತಿದ್ದೆ. ನೀನು ಬಂದವರಿಗೆಲ್ಲ ಹೇಳ್ತಾ ಹೋದೆ, ನನ್ನ ಮಗಳಿಗೆ ಹಾಲಿಗೇನು ಕಮ್ಮಿ ಅಂತ. ಆಮೇಲೆ ನಾನು ಯಾವ ಬಾಯಲ್ಲಿ ಹೇಳ್ಲಿ?”

ಡಾಕ್ಟರು ಹೊರಬಂದವರು ಆ ಮಾತಿನ ಕೊನೆ ಕೇಳಿಸಿಕೊಂಡಿರಬೇಕು. “ಹೆರಿಗೇಲಿ ಅಷ್ಟು ರಕ್ತ ಹೋದವರಿಗೆ ಒಮ್ಮೊಮ್ಮೆ ಹಾಲು ಇಳಿಯೋದೇ ಇಲ್ಲ ಸಿಸ್ಟರ್. ಚೀಪಿಸಿದ್ರೂ ಅಷ್ಟೇ. ನಿಮಗೆ ಗೊತ್ತಿರೋದೇ” ಅಂದರು, ಸಮಾಧಾನಕ್ಕೆ.

“ಗೊತ್ತಿತ್ತು” ಅಂದರು ಅವರು. “ಗೊತ್ತಿದ್ದೇ ಅವಳನ್ನು ಕೇಳ್ಲಿಲ್ಲ.” ಮುಖ ಮುಚ್ಚಿಕೊಂಡು ಅತ್ತರು. ಈ ಸಲ ಬಾಗಿಲು ಹಾಕಿಕೊಳ್ಳಲು ಸ್ಟೋರ್ ರೂಮು ಇರಲಿಲ್ಲ. ಹೋಗುವವರು ಬರುವವರು ನೋಡಿದರು. ನನಗೆ ಅವರ ಮೇಲೆ ಸಿಟ್ಟಿತ್ತು, ಅಷ್ಟೇ ಪ್ರೀತಿಯೂ ಇತ್ತು, ಎರಡನ್ನೂ ಏನು ಮಾಡಬೇಕೋ ತಿಳಿಯದೆ ನೀರು ತರುತ್ತೇನೆ ಅಂತ ಹೋದೆ.

ಮಾರನೇ ದಿನ ಬೆಳಗ್ಗೆ ನಾನು ಬಂದಾಗ ಲಾರಿ ಓಡಿಸುವ ಅಳಿಯನೂ ಬಂದಿದ್ದ, ಕೈಯಲ್ಲಿ ಎರಡೆರಡು ಡಬ್ಬಿ. ಅತ್ತೆಯನ್ನು ಕಂಡು ಅಭ್ಯಾಸಬಲದಿಂದ ಬೆನ್ನ ಹಿಂದೆ ಮುಚ್ಚಿಕೊಂಡ. ಯಾರಿಗೂ ನಗು ಬರಲಿಲ್ಲ. ಒಳಗೆ ಕೂಸು ಇನ್ನೂ ಮಲಗಿಯೇ ಇತ್ತು. ಮುಖದ ಊತ ಇಳಿದಿತ್ತು, ಈಗ ಅದರ ನಿಜವಾದ ಮುಖ ಕಾಣುತ್ತಿತ್ತು, ಸಣ್ಣಗೆ, ಹಸಿದ ಮುಖ. ಎಲ್ಲರೂ ಸುತ್ತ ನಿಂತು ಅದರ ರೆಪ್ಪೆಯನ್ನೇ ನೋಡುತ್ತಿದ್ದೆವು.

ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಅದು ಮುಖ ಕಿವುಚಿತು. ಕಾಲು ಒದ್ದಿತು. ಆಮೇಲೆ ಅತ್ತಿತು, ಕಟ್ಟಡ ಹಾರಿಹೋಗುವ ಹಾಗೆ. ಡಾಕ್ಟರು ಕಣ್ಣಿಗೆ ದೀಪ ಬಿಟ್ಟು, ಕೈಕಾಲು ಎಳೆದು ನೋಡಿ, “ಚೆನ್ನಾಗಿದೆ, ಇನ್ನೂ ನೋಡ್ತಾ ಇರಬೇಕು, ಆದ್ರೆ ಚೆನ್ನಾಗಿದೆ. ಹಸಿವಾಗಿದೆ ಅದಕ್ಕೆ” ಅಂದರು. ಅಳಿಯ ಗೋಡೆ ಹಿಡಿದುಕೊಂಡು ಕೂತುಬಿಟ್ಟ.

ಮಗಳು ಮೊದಲು ಎದೆಗೆ ಹಿಡಿದಳು. ಇದ್ದ ನಾಲ್ಕು ಹನಿಯನ್ನು ಕೂಸು ಚೀಪಿಕೊಂಡಿತು, ಅದು ಸಾಲದೆ ಬಿಟ್ಟು ಮತ್ತೆ ಅತ್ತಿತು. ಅಷ್ಟರಲ್ಲಿ ಆ ವಾರ್ಡಿನ ನರ್ಸು ಪುಡಿಹಾಲನ್ನು ಅಳತೆಯ ಪ್ರಕಾರ ಕಲಸಿ ತಂದಿದ್ದಳು. ಬಟ್ಟಲನ್ನು ಯಾರಿಗೆ ಕೊಡಬೇಕು ಅಂತ ಅವಳಿಗೆ ತೋಚಲಿಲ್ಲ. ದೊಡ್ಡ ಸಿಸ್ಟರ್ ಕೈ ಚಾಚಿದರು, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, “ಅವಳಿಗೆ ಕೊಡಿ” ಅಂದರು.

ಮಗಳು ಚಮಚ ತುಂಬಿಸಿದಳು. ತುಂಬಿಸಿ, ಹಾಗೇ ಹಿಡಿದುಕೊಂಡು, ಅಮ್ಮನ ಮುಖ ನೋಡಿದಳು.

ಅಪ್ಪಣೆ ಕೇಳುವ ನೋಟ ಅದು. ಅಷ್ಟೆಲ್ಲ ಆದ ಮೇಲೂ, ತನ್ನ ಕೂಸು ತನ್ನ ತೊಡೆಯ ಮೇಲೆ ಹಸಿದು ಅಳುತ್ತಿದ್ದರೂ, ಅವಳು ಕೇಳುತ್ತಿದ್ದಳು. ದೊಡ್ಡ ಸಿಸ್ಟರ್ ಆ ನೋಟವನ್ನು ಕಂಡರು. ಹಿಂದಿನ ದಿನ ಕೇಳಿದ ಯಾವ ಮಾತೂ ಅವರಿಗೆ ಅಷ್ಟು ಆಳಕ್ಕೆ ಹೋಗಿರಲಿಕ್ಕಿಲ್ಲ.

“ನನ್ನ ಮುಖ ಏನು ನೋಡ್ತೀಯೇ?” ಅಂದರು. “ಕೂಸು ಬಾಯಿ ತೆರೆದಿದೆ, ಅದನ್ನ ನೋಡು.”